ಅಣುಸ್ಫೋಟ ಸಿಮ್ಯುಲೇಟರ್ ಬಳಸುವುದು ಹೇಗೆ: ಕೊಡಗಿನ ನಕ್ಷೆಯ ಮೇಲೆ ಹಂತ ಹಂತವಾಗಿ

ಆಗಸ್ಟ್ 6ರ ಹಿರೋಶಿಮಾ ದಿನಕ್ಕೆಂದು ನಮ್ಮ ಜಿಲ್ಲೆಯ ವಿದ್ಯಾರ್ಥಿಗಳು ಮಾಡುವ ಭಿತ್ತಿಪತ್ರಗಳಲ್ಲಿ ಒಂದೇ ಬಗೆಯ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಮಡಿಕೇರಿಯ ಮೇಲೆ ಅಣುಸ್ಫೋಟದ ಸಿಮ್ಯುಲೇಟರ್ ಎಳೆದ ಬಣ್ಣಬಣ್ಣದ ವೃತ್ತಗಳು, ಪಕ್ಕದಲ್ಲಿ ಸತ್ತವರ ಸಂಖ್ಯೆ, ಅದೂ ಬಿಡಿ ಸ್ಥಾನದವರೆಗೆ. ಸ್ಫೋಟದ ಎತ್ತರ ಎಷ್ಟು ಕೊಟ್ಟಿರಿ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಕೊಡಗಿನಲ್ಲಿ ಪ್ರದರ್ಶನ ನೋಡಲು ಬರುವವರಲ್ಲಿ ಸೇನೆಯಿಂದ ನಿವೃತ್ತರಾದ ಹಿರಿಯರು ಇದ್ದೇ ಇರುತ್ತಾರೆ. ಅವರು ಮೊದಲು ಕೇಳುವುದೇ ಈ ಎರಡು ಪ್ರಶ್ನೆಗಳನ್ನು.

ತಪ್ಪು ಮಕ್ಕಳ ಬುದ್ಧಿಯದ್ದಲ್ಲ, ಕ್ರಮದ್ದು. ಪುಟ ತೆರೆದ ಕೂಡಲೇ ದೊಡ್ಡ ಬಾಂಬ್ ಆರಿಸಿ ಸ್ಫೋಟದ ಗುಂಡಿ ಒತ್ತಿದರೆ ಚಿತ್ರವೇನೋ ಬರುತ್ತದೆ, ಆದರೆ ಅದು ಗುಡ್ಡವಿಲ್ಲದ, ಮಂಜಿಲ್ಲದ, ಮಳೆಯಿಲ್ಲದ ಊರಿನ ಚಿತ್ರ. ಕೊಡಗಿನಲ್ಲಿ ಈ ಮೂರೂ ಇವೆ. ಹಾಗಾಗಿ ಉಪಕರಣ ಕೊಡುವ ಉತ್ತರವನ್ನು ಇಲ್ಲಿನ ನೆಲಕ್ಕೆ ಹೊಂದಿಸಿ ಓದುವುದೇ ಈ ಕೆಲಸದ ಮುಖ್ಯ ಭಾಗ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

ಮೊದಲು ಸಿದ್ಧವಾಗಿಟ್ಟುಕೊಳ್ಳಬೇಕಾದವು

ಮುಖ್ಯ ಉಪಕರಣ ನ್ಯೂಕ್‌ಮ್ಯಾಪ್. ವಿಜ್ಞಾನ ಇತಿಹಾಸಕಾರ ಅಲೆಕ್ಸ್ ವೆಲ್ಲರ್‌ಸ್ಟೀನ್ 2012ರಲ್ಲಿ ಮಾಡಿದ, ಬಾಂಬ್ ಸಿಡಿದರೆ ಹಾನಿ ಎಲ್ಲಿಯವರೆಗೆ ಎಂದು ನಕ್ಷೆಯ ಮೇಲೆ ವೃತ್ತಗಳಲ್ಲಿ ತೋರಿಸುವ ಉಚಿತ ಜಾಲತಾಣ ಇದು. ಇದರ ಲೆಕ್ಕಗಳ ಬುನಾದಿ 1977ರಲ್ಲಿ ಅಮೆರಿಕ ಸರ್ಕಾರ ಪ್ರಕಟಿಸಿದ, ಗ್ಲಾಸ್‌ಸ್ಟೋನ್ ಮತ್ತು ಡೋಲನ್ ಸಂಪಾದಿಸಿದ ಗ್ರಂಥದ ಅಂಕಿಅಂಶಗಳು. ಎರಡನೆಯದು ಹೈಸ್ಪ್ಲಿಟ್: ಅಮೆರಿಕದ ಹವಾಮಾನ ಸಂಸ್ಥೆ ನೋವಾ ನಡೆಸುವ, ಗಾಳಿಯ ಕಣವೊಂದು ಎಲ್ಲಿಂದ ಎಲ್ಲಿಗೆ ಸಾಗುತ್ತದೆ ಎಂದು ತೋರಿಸುವ ಸೇವೆ. ಮೂರನೆಯದು ಗೂಗಲ್ ಅರ್ಥ್ ಪ್ರೊ. ಗುಡ್ಡಗಳ ಏರಿಳಿತ ನೋಡಲು ಬೇಕು. ಇದರ ಜೊತೆ ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ಭೂಪಟ ಸಿಕ್ಕರೆ ಇನ್ನೂ ಒಳ್ಳೆಯದು.

ಮೊಬೈಲ್‌ನಲ್ಲಿ ಮಾಡಬೇಡಿ. ಪರದೆ ಚಿಕ್ಕದಾದ್ದರಿಂದ ಆಯ್ಕೆಗಳ ಪಟ್ಟಿ ಮಡಚಿಕೊಳ್ಳುತ್ತದೆ, ಎತ್ತರ ಮತ್ತು ಗಾಳಿಯ ಅಂಕಣಗಳು ಕಣ್ಣಿಗೆ ಬೀಳುವುದೇ ಇಲ್ಲ. ಅರ್ಧದಷ್ಟು ತಪ್ಪುಗಳ ಮೂಲ ಇಲ್ಲಿದೆ ಎಂದೇ ನನ್ನ ಅನಿಸಿಕೆ. ಕಂಪ್ಯೂಟರ್ ಬೇಕು, ಪಕ್ಕದಲ್ಲಿ ಒಂದು ನೋಟ್ ಪುಸ್ತಕ ಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಪ್ರತಿ ಪ್ರಯೋಗ ಮುಗಿದ ಕೂಡಲೇ ಪರದೆಯ ಚಿತ್ರ ತೆಗೆದು, ಅದೇ ಪ್ರಯೋಗವನ್ನು ಮತ್ತೆ ತೆರೆಯುವ ಶಾಶ್ವತ ಕೊಂಡಿಯನ್ನು (ಪರ್ಮಾಲಿಂಕ್) ನಕಲು ಮಾಡಿ, ಕೊಟ್ಟ ಅಂಕಿಗಳನ್ನು ಕೈಯಲ್ಲಿ ಬರೆದುಕೊಳ್ಳಿ.

ಹಂತ 1: ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

‘ಮಡಿಕೇರಿ ಮೇಲೆ ಬಾಂಬ್ ಬಿದ್ದರೆ ಏನಾಗುತ್ತದೆ’ ಎಂಬುದು ಪ್ರಶ್ನೆಯಲ್ಲ. ‘ಹಿರೋಶಿಮಾದಲ್ಲಿ ಸುಟ್ಟುಹೋದ ಪ್ರದೇಶ ಮಡಿಕೇರಿಯ ನಕ್ಷೆಯ ಮೇಲೆ ಎಷ್ಟು ದೊಡ್ಡದಾಗಿ ಕಾಣುತ್ತದೆ’ ಎಂಬುದು ಪ್ರಶ್ನೆ. ‘ಕಕ್ಕಡ ತಿಂಗಳ (ಜುಲೈ-ಆಗಸ್ಟ್‌ನ ಮಳೆಗಾಲದ) ಗಾಳಿಯಲ್ಲಿ ವಿಕಿರಣ ಧೂಳು ಯಾವ ಕಡೆ ಸಾಗುತ್ತದೆ’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಗಾಳಿಯಲ್ಲಿ ಎತ್ತರದ ಸ್ಫೋಟ ಬೇಕು, ಎರಡನೆಯದಕ್ಕೆ ನೆಲಮಟ್ಟದ ಸ್ಫೋಟ ಬೇಕು. ಒಂದೇ ಪ್ರಯೋಗದಲ್ಲಿ ಎರಡಕ್ಕೂ ಉತ್ತರ ಸಿಗುವುದಿಲ್ಲ. ಪ್ರಶ್ನೆ ಬರೆಯದೆ ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 2: ಮಡಿಕೇರಿಗೆ ಮುನ್ನ ಹಿರೋಶಿಮಾದಲ್ಲಿ ಪರೀಕ್ಷಿಸಿ

ಉಪಕರಣವನ್ನು ನಂಬುವ ಮೊದಲು ಗೊತ್ತಿರುವ ಘಟನೆಯ ಮೇಲೆ ಅದನ್ನು ಓಡಿಸಿ ನೋಡಬೇಕು. ಗುರುತನ್ನು ಹಿರೋಶಿಮಾ ನಗರದ ಮಧ್ಯಕ್ಕೆ ಎಳೆಯಿರಿ. ಶಕ್ತಿಯ ಅಂಕಣದಲ್ಲಿ 15 ಕಿಲೋಟನ್ ಕೊಡಿ (ಒಂದು ಕಿಲೋಟನ್ ಎಂದರೆ ಸಾವಿರ ಟನ್ ಟಿಎನ್‌ಟಿ ಸಿಡಿಮದ್ದಿನ ಶಕ್ತಿ). ಹೆಚ್ಚುವರಿ ಆಯ್ಕೆಗಳನ್ನು ತೆರೆದು ಸ್ಫೋಟದ ಎತ್ತರವನ್ನು 580 ಮೀಟರ್ ಎಂದು ಕೈಯಾರೆ ತುಂಬಿ. 1945ರ ಆಗಸ್ಟ್ 6ರಂದು ಬಾಂಬ್ ಸಿಡಿದದ್ದು ಸುಮಾರು ಅಷ್ಟೇ ಎತ್ತರದಲ್ಲಿ.

ಮೂರು ವೃತ್ತಗಳನ್ನು ಗಮನಿಸಿ. ಸಾಮಾನ್ಯ ಮನೆಗಳು ಕುಸಿಯುವ 5 ಪಿಎಸ್‌ಐ (ಚದರ ಇಂಚಿಗೆ 5 ಪೌಂಡ್) ಒತ್ತಡದ ವೃತ್ತದ ತ್ರಿಜ್ಯ 1.7 ಕಿ.ಮೀ. ಆಸುಪಾಸು ಬರಬೇಕು. ಚರ್ಮ ಪೂರ್ತಿ ಆಳಕ್ಕೆ ಸುಡುವ ಶಾಖದ ವೃತ್ತ 1.9 ಕಿ.ಮೀ. ಆಸುಪಾಸು. ಕಿಟಕಿ ಗಾಜುಗಳು ಒಡೆಯುವ 1 ಪಿಎಸ್‌ಐ ವೃತ್ತ 4.5 ಕಿ.ಮೀ. ಆಸುಪಾಸು. ಈಗ ದಾಖಲೆಯೊಂದಿಗೆ ಹೋಲಿಸಿ: ಹಿರೋಶಿಮಾದಲ್ಲಿ ಬೆಂಕಿಗೆ ಆಹುತಿಯಾದದ್ದು ಸುಮಾರು 11 ಚದರ ಕಿ.ಮೀ. ಅದನ್ನು ವೃತ್ತವೆಂದು ಭಾವಿಸಿದರೆ ತ್ರಿಜ್ಯ 1.9 ಕಿ.ಮೀ. ಬರುತ್ತದೆ. ಶಾಖದ ವೃತ್ತಕ್ಕೆ ಇದು ಹೊಂದುತ್ತದೆ. ನಿಮ್ಮ ಪರದೆಯ ಅಂಕಿ ಇದಕ್ಕಿಂತ ತುಂಬ ಬೇರೆಯಾಗಿದ್ದರೆ ಮೈಲಿ ಮತ್ತು ಕಿಲೋಮೀಟರ್, ಅಡಿ ಮತ್ತು ಮೀಟರ್ ಅದಲುಬದಲಾಗಿರಬಹುದು. ಏಕಮಾನಗಳನ್ನು ಸರಿಪಡಿಸಿ ಮತ್ತೆ ಓಡಿಸಿ.

ಇಲ್ಲಿ ಸಾವಿನ ಸಂಖ್ಯೆಯನ್ನು ಹೋಲಿಸಲು ಹೋಗಬೇಡಿ. 1945ರ ಅಂತ್ಯದೊಳಗೆ ಅಲ್ಲಿ ಸತ್ತವರು ಸುಮಾರು 1,40,000 ಮಂದಿ. ಉಪಕರಣ ಲೆಕ್ಕ ಹಾಕುವುದು ಇಂದಿನ ಜನಸಂಖ್ಯೆಯ ಮೇಲೆ, ಅದು ಅಂದಿಗಿಂತ ಎಷ್ಟೋ ಪಟ್ಟು ಹೆಚ್ಚು. ಎರಡೂ ಸಂಖ್ಯೆಗಳನ್ನು ಅಕ್ಕಪಕ್ಕ ಬರೆದು ‘ಸಿಮ್ಯುಲೇಟರ್ ಸುಳ್ಳು ಹೇಳುತ್ತದೆ’ ಎಂದು ತೀರ್ಮಾನಿಸಿದ ಭಿತ್ತಿಪತ್ರವನ್ನೂ ನೋಡಿದ್ದೇನೆ.

ಹಂತ 3: ಗುರುತನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿ

ಹುಡುಕುವ ಅಂಕಣದಲ್ಲಿ ‘ಕೂರ್ಗ್’ ಎಂದು ಟೈಪ್ ಮಾಡಿದರೆ ಗುರುತು ಜಿಲ್ಲೆಯ ನಡುಮಧ್ಯದ ಯಾವುದೋ ತೋಟದಲ್ಲೋ ಕಾಡಿನಲ್ಲೋ ಹೋಗಿ ನಿಲ್ಲಬಹುದು. ಮಡಿಕೇರಿ ಬೇಕಾದರೆ ನಕ್ಷೆಯನ್ನು ಹಿಗ್ಗಿಸಿ, ಕೋಟೆ ಕಾಣುವಷ್ಟು ಹತ್ತಿರ ತಂದು, ಗುರುತನ್ನು ಕೈಯಿಂದ ಎಳೆದು ಇಡಿ. ಮಡಿಕೇರಿ ಇರುವುದು ಸುಮಾರು 12.42 ಡಿಗ್ರಿ ಉತ್ತರ ಅಕ್ಷಾಂಶ, 75.74 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಈ ಎರಡು ಅಂಕಿ ಬರೆದಿಟ್ಟುಕೊಳ್ಳಿ, ಹೈಸ್ಪ್ಲಿಟ್‌ಗೂ ಬೇಕಾಗುತ್ತವೆ.

ದೂರದ ವಿಷಯದಲ್ಲಿ ಒಂದು ಎಚ್ಚರಿಕೆ. ಉಪಕರಣದ ಕಿಲೋಮೀಟರ್ ನೇರ ಗೆರೆಯದ್ದು. ನಾವು ಬಾಯಲ್ಲಿ ಹೇಳುವುದು ರಸ್ತೆಯ ಕಿಲೋಮೀಟರ್. ಮಡಿಕೇರಿಯಿಂದ ಕುಶಾಲನಗರಕ್ಕೆ ರಸ್ತೆಯಲ್ಲಿ ಸುಮಾರು 30 ಕಿ.ಮೀ., ನೇರ ಗೆರೆಯಲ್ಲಿ ಸುಮಾರು 24. ವಿರಾಜಪೇಟೆ, ಸೋಮವಾರಪೇಟೆ, ಭಾಗಮಂಡಲ ಮೂರೂ ನೇರ ಗೆರೆಯಲ್ಲಿ ಹೆಚ್ಚುಕಡಿಮೆ ಇಷ್ಟೇ ದೂರದಲ್ಲಿವೆ, ಆದರೆ ತಿರುವುಗಳ ರಸ್ತೆಯಿಂದಾಗಿ ನಮಗೆ ಬೇರೆ ಬೇರೆ ದೂರ ಅನಿಸುತ್ತದೆ. ಬಸ್ ಟಿಕೆಟ್‌ನ ಲೆಕ್ಕವನ್ನು ವೃತ್ತದ ಮೇಲೆ ಹೇರಬೇಡಿ.

ಹಂತ 4: ಶಕ್ತಿ ಆರಿಸುವುದು, ಫಲಿತಾಂಶವನ್ನು ಕೈಲೆಕ್ಕದಿಂದ ತಾಳೆ ನೋಡುವುದು

ಬಾಂಬ್‌ಗಳ ಪಟ್ಟಿಯ ತುದಿಯ ಬಳಿ 1961ರ ಅಕ್ಟೋಬರ್ 30ರಂದು ಸೋವಿಯತ್ ಒಕ್ಕೂಟ ಸಿಡಿಸಿದ 50 ಮೆಗಾಟನ್ (50,000 ಕಿಲೋಟನ್) ಬಾಂಬ್ ಇದೆ. ಎಲ್ಲರ ಕೈಯೂ ಮೊದಲು ಅದರತ್ತಲೇ ಹೋಗುತ್ತದೆ. ಅದನ್ನು ಆರಿಸಿದರೆ ಇಡೀ ಕೊಡಗು ವೃತ್ತದೊಳಗೆ ಮುಳುಗಿಹೋಗುತ್ತದೆ. ಬೆರಗು ಹುಟ್ಟುತ್ತದೆ, ಕಲಿಯಲು ಏನೂ ಉಳಿಯುವುದಿಲ್ಲ. 15 ಕಿಲೋಟನ್‌ನಿಂದ ಆರಂಭಿಸಿ, ನಂತರ 120 ಕಿಲೋಟನ್ ಮಾಡಿ ನೋಡಿ.

ಏಕೆ 120? ಅದು 15ರ ಎಂಟು ಪಟ್ಟು. ಒತ್ತಡದ ವೃತ್ತದ ತ್ರಿಜ್ಯ ಬೆಳೆಯುವುದು ಶಕ್ತಿಯ ಘನಮೂಲದಂತೆ. ಎಂಟರ ಘನಮೂಲ ಎರಡು. ಹಾಗಾಗಿ 5 ಪಿಎಸ್‌ಐ ವೃತ್ತ 1.7ರಿಂದ 3.4 ಕಿ.ಮೀ.ಗೆ ಬರಬೇಕು. ಎತ್ತರದ ಆಯ್ಕೆಯನ್ನು ಮಾತ್ರ ಇಲ್ಲಿ ಉಪಕರಣಕ್ಕೇ ಬಿಡಿ, ಇಲ್ಲವಾದರೆ ಈ ತಾಳೆ ಕೂಡುವುದಿಲ್ಲ. ಬಾಂಬ್ ಎಂಟು ಪಟ್ಟಾದರೆ ನಾಶವೂ ಎಂಟು ಪಟ್ಟು ಎಂಬ ನಂಬಿಕೆ ಇಲ್ಲಿ ಮುರಿಯುತ್ತದೆ: ತ್ರಿಜ್ಯ ಎರಡು ಪಟ್ಟು, ವಿಸ್ತೀರ್ಣ ನಾಲ್ಕು ಪಟ್ಟು. ಶಾಖದ ವೃತ್ತ ಮಾತ್ರ ಇದಕ್ಕಿಂತ ಬೇಗ ಬೆಳೆಯುತ್ತದೆ. ಸಣ್ಣ ಬಾಂಬ್‌ನಲ್ಲಿ, ಸಿಡಿದ ಕ್ಷಣದಲ್ಲೇ ಹೊಮ್ಮುವ ನೇರ ವಿಕಿರಣದ ವೃತ್ತ ಅದಕ್ಕಿಂತ ಮುಂದಿದ್ದರೆ, ದೊಡ್ಡದರಲ್ಲಿ ಶಾಖದ್ದು ನೇರ ವಿಕಿರಣದ ವೃತ್ತವನ್ನೂ 5 ಪಿಎಸ್‌ಐ ವೃತ್ತವನ್ನೂ ದಾಟಿ ಹೊರಗೆ ಹೋಗುತ್ತದೆ. 1, 15, 120, 1000 ಕಿಲೋಟನ್ ಎಂದು ನಾಲ್ಕು ಬಾರಿ ಓಡಿಸಿ ಯಾವ ವೃತ್ತ ಯಾವುದನ್ನು ದಾಟಿತು ಎಂದು ಪಟ್ಟಿ ಮಾಡಿದರೆ, ನನ್ನ ದೃಷ್ಟಿಯಲ್ಲಿ ಅದೊಂದೇ ಒಂದು ಒಳ್ಳೆಯ ಪ್ರಾಜೆಕ್ಟ್.

ಹಂತ 5: ಎತ್ತರ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ‘ಗಾಳಿಯಲ್ಲಿ ಸ್ಫೋಟ’ ಎಂದು ಸುಮ್ಮನೆ ಆರಿಸಿದರೆ, 5 ಪಿಎಸ್‌ಐ ವೃತ್ತ ಅತಿ ದೊಡ್ಡದಾಗುವ ಎತ್ತರವನ್ನು ಉಪಕರಣ ತಾನೇ ಹುಡುಕಿಕೊಳ್ಳುತ್ತದೆ. ಅದು ಹಿರೋಶಿಮಾದ ಎತ್ತರವಲ್ಲ. ‘ಹಿರೋಶಿಮಾದ ಬಾಂಬ್’ ಎಂದು ಶೀರ್ಷಿಕೆ ಕೊಡುವುದಾದರೆ 580 ಮೀಟರ್ ಎಂದು ಕೈಯಾರೆ ತುಂಬಿರಬೇಕು.

‘ನೆಲದ ಮೇಲೆ ಸ್ಫೋಟ’ ಆರಿಸಿದರೆ 5 ಪಿಎಸ್‌ಐ ವೃತ್ತದ ತ್ರಿಜ್ಯ ಮೂರನೇ ಒಂದು ಭಾಗದಷ್ಟು ಕುಗ್ಗುತ್ತದೆ. ಬದಲಿಗೆ ನೆಲದ ಮಣ್ಣು ಮೇಲೆದ್ದು ವಿಕಿರಣಕಾರಿ ಧೂಳಾಗಿ ಗಾಳಿಯೊಂದಿಗೆ ಸಾಗುತ್ತದೆ.

ಎತ್ತರವನ್ನು ಅಳೆಯುವುದು ಕೆಳಗಿನ ನೆಲದಿಂದ, ಸಮುದ್ರಮಟ್ಟದಿಂದಲ್ಲ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ ಎಂದು 1,730 ಎಂದು ತುಂಬಿದವರಿದ್ದಾರೆ. ಹಾಗೆ ಮಾಡಿದರೆ 15 ಕಿಲೋಟನ್‌ನ 5 ಪಿಎಸ್‌ಐ ವೃತ್ತ ನಕ್ಷೆಯಿಂದಲೇ ಮಾಯವಾಗುತ್ತದೆ. ಒಳಗಿನ ವೃತ್ತ ಕಾಣದಿದ್ದರೆ ಮೊದಲು ಈ ಅಂಕಣವನ್ನೇ ಅನುಮಾನಿಸಿ.

ಹಂತ 6: ಗುಡ್ಡಗಳನ್ನು ನೀವೇ ಲೆಕ್ಕಕ್ಕೆ ತನ್ನಿ

ನ್ಯೂಕ್‌ಮ್ಯಾಪ್‌ಗೆ ನೆಲವೆಲ್ಲ ಸಮತಟ್ಟು. ತಡಿಯಂಡಮೋಳ್ ಆಗಲಿ ಪುಷ್ಪಗಿರಿ ಆಗಲಿ ಅದಕ್ಕೆ ಗೊತ್ತಿಲ್ಲ. ಮಡಿಕೇರಿಯಿಂದ ಕುಶಾಲನಗರಕ್ಕೆ ನೆಲ ಮುನ್ನೂರು ಮೀಟರಿಗೂ ಹೆಚ್ಚು ಇಳಿಯುತ್ತದೆ, ಸಂಪಾಜೆ ಘಾಟಿಯ ಕಡೆ ಇನ್ನೂ ಬಹಳ ಕೆಳಕ್ಕೆ ಹೋಗುತ್ತದೆ. ಎರಡು ಕಡೆಯೂ ಒಂದೇ ವೃತ್ತ ಎಳೆಯುವುದು ಈ ನೆಲಕ್ಕೆ ಸಲ್ಲದ ಮಾತು. ಗುಡ್ಡ ಎಷ್ಟು ಮುಖ್ಯ ಎಂಬುದಕ್ಕೆ ನಾಗಾಸಾಕಿಯೇ ಸಾಕ್ಷಿ. ಅಲ್ಲಿ ಸಿಡಿದ ಬಾಂಬ್ ಸುಮಾರು 21 ಕಿಲೋಟನ್, ಹಿರೋಶಿಮಾದ್ದಕ್ಕಿಂತ ದೊಡ್ಡದು. ಆದರೆ ಅದು ಸಿಡಿದದ್ದು ಉರಕಾಮಿ ಕಣಿವೆಯ ಮೇಲೆ; ನಡುವೆ ಬಂದ ಗುಡ್ಡಗಳಿಂದಾಗಿ ನಗರದ ಉಳಿದ ಭಾಗ ಬಹಳಷ್ಟು ಉಳಿಯಿತು, ನಾಶವಾದ ಪ್ರದೇಶ ಹಿರೋಶಿಮಾದಷ್ಟು ಆಗಲಿಲ್ಲ.

ಇದನ್ನು ಓದಿ ‘ಕೊಡಗಿನಲ್ಲಿ ಗುಡ್ಡವಿದೆ, ಚಿಂತೆಯಿಲ್ಲ’ ಎಂದು ಬರೆದರೆ ಅದೂ ತಪ್ಪು. ಲೆಕ್ಕ ಹಾಕಿಯೇ ಹೇಳಬೇಕು. ಗೂಗಲ್ ಅರ್ಥ್ ಪ್ರೊದಲ್ಲಿ ಸ್ಫೋಟದ ಬಿಂದುವಿನಿಂದ ನಿಮ್ಮ ಮನೆಯವರೆಗೆ ಒಂದು ಗೆರೆ ಎಳೆಯಿರಿ, ಅದರ ಮೇಲೆ ಬಲಗುಂಡಿ ಒತ್ತಿ ಎತ್ತರದ ನೋಟವನ್ನು ತೆರೆಯಿರಿ. ಗುಡ್ಡಗಳ ಅಡ್ಡಸೀಳು ಪರದೆಯ ಕೆಳಗೆ ಬರುತ್ತದೆ. ಅದನ್ನು ಗ್ರಾಫ್ ಹಾಳೆಯ ಮೇಲೆ ಇಳಿಸಿ.

ಒಂದು ಉದಾಹರಣೆ ಮಾಡಿ ನೋಡೋಣ. ಸ್ಫೋಟ 1,150 ಮೀಟರ್ ನೆಲದ ಮೇಲೆ 580 ಮೀಟರ್, ಅಂದರೆ ಸಮುದ್ರಮಟ್ಟದಿಂದ 1,730 ಮೀಟರ್. ನಿಮ್ಮ ಮನೆ 2 ಕಿ.ಮೀ. ದೂರದಲ್ಲಿ, 1,050 ಮೀಟರ್ ಎತ್ತರದಲ್ಲಿದೆ. ನಡುವೆ ಒಂದೂವರೆ ಕಿ.ಮೀ.ನಲ್ಲಿ 1,200 ಮೀಟರ್ ಎತ್ತರದ ಗುಡ್ಡ. ಸ್ಫೋಟದಿಂದ ಮನೆಗೆ ಎಳೆದ ನೇರ ಗೆರೆ ಆ ಗುಡ್ಡದ ಜಾಗದಲ್ಲಿ 1,220 ಮೀಟರ್ ಎತ್ತರದಲ್ಲಿ ಹಾಯುತ್ತದೆ. ಗುಡ್ಡಕ್ಕಿಂತ ಮೇಲೆ! ಗುಡ್ಡದಿಂದ ಏನೂ ಪ್ರಯೋಜನವಾಗಲಿಲ್ಲ. ಮನೆ 4 ಕಿ.ಮೀ. ದೂರದಲ್ಲಿ, 1,000 ಮೀಟರ್ ಎತ್ತರದಲ್ಲಿ, ಅದೇ ಎತ್ತರದ ಗುಡ್ಡ 3 ಕಿ.ಮೀ.ನಲ್ಲಿ ಇದ್ದರೆ ಗೆರೆ ಸುಮಾರು 1,180 ಮೀಟರಿನಲ್ಲಿ ಹಾಯುತ್ತದೆ. ಈ ಸಲ ಗುಡ್ಡ ಅಡ್ಡ ಬರುತ್ತದೆ, ಮನೆ ನೆರಳಿನಲ್ಲಿದೆ. ನೆಲಮಟ್ಟದ ಸ್ಫೋಟವಾದರೆ ಎರಡೂ ಮನೆಗಳು ನೆರಳಿಗೆ ಬರುತ್ತವೆ.

ನೆರಳು ಎಂದರೆ ಪೂರ್ತಿ ರಕ್ಷಣೆ ಎಂದಲ್ಲ. ಶಾಖ ಮತ್ತು ಬೆಳಕು ನೇರ ಗೆರೆಯಲ್ಲಿ ಬರುತ್ತವೆ, ಆದ್ದರಿಂದ ಗುಡ್ಡ ಅವನ್ನು ತಡೆಯುತ್ತದೆ. ಒತ್ತಡದ ಅಲೆ ಗುಡ್ಡದ ನೆತ್ತಿಯನ್ನು ಬಳಸಿ ಇಳಿಯುತ್ತದೆ. ಭಿತ್ತಿಪತ್ರದಲ್ಲಿ ನೆರಳಿನ ಪ್ರದೇಶಕ್ಕೆ ಗೀರು ಹಾಕಿ ‘ಶಾಖ ತಡೆಯಬಹುದು, ಒತ್ತಡ ಬರುತ್ತದೆ’ ಎಂದು ಬರೆಯಿರಿ.

ಹಂತ 7: ಮಂಜು ಮತ್ತು ಮಳೆ

ಶಾಖದ ವೃತ್ತ ಎಳೆದಿರುವುದು ನಿಚ್ಚಳ ಆಕಾಶಕ್ಕೆ. ಆಗಸ್ಟ್ ಮೊದಲ ವಾರ ನಮ್ಮಲ್ಲಿ ಕಕ್ಕಡ. ರಾಜಾಸೀಟ್‌ನಲ್ಲಿ ನಿಂತರೆ ಎದುರಿನ ಕಣಿವೆಯೇ ಕಾಣದ ದಿನಗಳು ಎಷ್ಟೋ. ಸ್ಫೋಟದ ಕೆಳಗೆ ದಟ್ಟ ಮಂಜಿದ್ದರೆ ನೆಲಕ್ಕೆ ತಲುಪುವ ಶಾಖ ಕಡಿಮೆಯಾಗುತ್ತದೆ. ಸ್ಫೋಟದ ಮೇಲೆ ಮೋಡದ ಹಾಸು ಇದ್ದರೆ ಅದು ಶಾಖವನ್ನು ಕೆಳಕ್ಕೆ ಪ್ರತಿಫಲಿಸಿ ಹೆಚ್ಚಿಸುತ್ತದೆ. ಹಾಗಾಗಿ ಮಳೆಗಾಲದ ಪ್ರಯೋಗವಾದರೆ ಶಾಖದ ವೃತ್ತವನ್ನು ಚುಕ್ಕೆಗೆರೆಯಲ್ಲಿ ಎಳೆಯಿರಿ. ಒತ್ತಡದ ವೃತ್ತ ಗಟ್ಟಿಗೆರೆಯಲ್ಲೇ ಇರಲಿ.

1 ಪಿಎಸ್‌ಐ ವೃತ್ತವನ್ನು ‘ಸಣ್ಣ ಹಾನಿ’ ಎಂದು ಬಿಡಬೇಡಿ. ಬೆಳಕು ಕ್ಷಣದಲ್ಲಿ ಬರುತ್ತದೆ, 4.5 ಕಿ.ಮೀ. ದೂರಕ್ಕೆ ಅಲೆ ತಲುಪಲು ಸುಮಾರು 12 ಸೆಕೆಂಡ್ ಬೇಕು. ಆ ಹೊತ್ತಿಗೆ ಜನ ಏನಾಯಿತೆಂದು ನೋಡಲು ಕಿಟಕಿಯ ಬಳಿ ಬಂದಿರುತ್ತಾರೆ. ಗಾಜಿನ ಚೂರುಗಳಿಂದ ಗಾಯಗೊಳ್ಳುವವರು ಅವರೇ. ಭಿತ್ತಿಪತ್ರದಲ್ಲಿ ಈ ಒಂದು ವಿವರ ಇದ್ದರೆ ನೋಡುವವರಿಗೆ ನಿಜವಾಗಿ ಉಪಯೋಗವಾಗುತ್ತದೆ.

ಹಂತ 8: ವಿಕಿರಣ ಧೂಳು, ಗಾಳಿ, ನೀರು

ಧೂಳಿನ ಆಯ್ಕೆಗೆ ಗುರುತು ಹಾಕಿದರೂ ನಕ್ಷೆಯಲ್ಲಿ ಏನೂ ಕಾಣಲಿಲ್ಲ ಎಂಬುದು ನನಗೆ ಬರುವ ದೂರುಗಳಲ್ಲಿ ಮೊದಲನೆಯದು. ಕಾರಣ ಸರಳ: ಸ್ಫೋಟ ಗಾಳಿಯಲ್ಲಿ ಎತ್ತರದಲ್ಲಿದೆ, ಬೆಂಕಿಯುಂಡೆ ನೆಲ ಮುಟ್ಟಿಲ್ಲ, ಹಾಗಾಗಿ ಉಪಕರಣ ಧೂಳಿನ ಪಟ್ಟಿ ಎಳೆಯುವುದಿಲ್ಲ. ವಿಕಿರಣವೇ ಇಲ್ಲ ಎಂದು ಇದರ ಅರ್ಥವಲ್ಲ. ಹಿರೋಶಿಮಾದಲ್ಲಿ ಸ್ಫೋಟದ ನಂತರ ಕಪ್ಪು ಮಳೆ ಸುರಿದದ್ದು ದಾಖಲಾಗಿದೆ, ಆ ಸ್ಫೋಟವೂ ಗಾಳಿಯಲ್ಲೇ ಆಗಿತ್ತು. ಮಳೆ ಮೋಡದೊಳಗಿನ ಕಣಗಳನ್ನು ತೊಳೆದು ಒಂದೇ ಜಾಗಕ್ಕೆ ಇಳಿಸಬಲ್ಲದು. ನ್ಯೂಕ್‌ಮ್ಯಾಪ್‌ನ ಲೆಕ್ಕದಲ್ಲಿ ಮಳೆ ಇಲ್ಲ. ಕೊಡಗಿನ ಮಳೆಗಾಲಕ್ಕೆ ಈ ಕೊರತೆ ಸಣ್ಣದೇನಲ್ಲ.

ಧೂಳು ನೋಡಬೇಕಾದರೆ ನೆಲಮಟ್ಟದ ಸ್ಫೋಟಕ್ಕೆ ಬದಲಿಸಿ. ಈಗ ಗಾಳಿಯ ವೇಗ ಮತ್ತು ದಿಕ್ಕು ತುಂಬಬೇಕು. ಮೊದಲೇ ತುಂಬಿರುವ 15 ಎಂಬ ಅಂಕಿ ಗಂಟೆಗೆ 15 ಮೈಲಿ, ಅಂದರೆ ಸುಮಾರು 24 ಕಿ.ಮೀ. ದಿಕ್ಕಿನಲ್ಲಿ ಗೊಂದಲ ಸಾಮಾನ್ಯ: ನೈಋತ್ಯ ಮಾರುತ ಎಂದರೆ ನೈಋತ್ಯದಿಂದ ಬರುವ ಗಾಳಿ, ನೈಋತ್ಯಕ್ಕೆ ಹೋಗುವುದಲ್ಲ. ಅಂಕಿ ತುಂಬಿದ ಮೇಲೆ ಪಟ್ಟಿ ಯಾವ ಕಡೆ ಚಾಚಿತು ನೋಡಿ. ಜುಲೈ, ಆಗಸ್ಟ್ ತಿಂಗಳ ಗಾಳಿಗೆ ಅದು ಮಡಿಕೇರಿಯಿಂದ ಪೂರ್ವ ಅಥವಾ ಈಶಾನ್ಯಕ್ಕೆ, ಕುಶಾಲನಗರ, ಪಿರಿಯಾಪಟ್ಟಣದ ಕಡೆಗೆ ಹೋಗಬೇಕು. ಅರಬ್ಬಿ ಸಮುದ್ರದ ಕಡೆ ಹೋದರೆ ದಿಕ್ಕು ತಿರುಗುಮುರುಗಾಗಿದೆ.

ನೆಲದ ಗಾಳಿ ಮಾತ್ರ ನೋಡಿದರೆ ಸಾಲದು. ಧೂಳಿನ ಮೋಡ ಹಲವು ಕಿಲೋಮೀಟರ್ ಮೇಲೇರುತ್ತದೆ. 1 ಮೆಗಾಟನ್‌ನ ಮೋಡ ಸುಮಾರು 20 ಕಿ.ಮೀ. ಎತ್ತರಕ್ಕೆ ಹೋಗಬಲ್ಲದು. ಮುಂಗಾರಿನಲ್ಲಿ ದಕ್ಷಿಣ ಭಾರತದ ಮೇಲೆ ಕೆಳಗಿನ ಪದರದಲ್ಲಿ ಪಶ್ಚಿಮದ ಗಾಳಿ ಇದ್ದರೆ, ಸುಮಾರು 14ರಿಂದ 16 ಕಿ.ಮೀ. ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬಿರುಸಾದ ಗಾಳಿ ಹರಿಯುತ್ತಿರುತ್ತದೆ. ಒಂದೇ ದಿಕ್ಕು ಕೇಳುವ ಉಪಕರಣಕ್ಕೆ ಇದನ್ನು ಹೇಳುವ ದಾರಿಯೇ ಇಲ್ಲ. ಹೈಸ್ಪ್ಲಿಟ್ ಬೇಕಾಗುವುದು ಇಲ್ಲಿ. ಅದರ ಮುಮ್ಮುಖ ಪಥದ ಲೆಕ್ಕವನ್ನು ಆರಿಸಿ, ಮಡಿಕೇರಿಯ ಅಕ್ಷಾಂಶ ರೇಖಾಂಶ ಕೊಡಿ, 500, 5,000 ಮತ್ತು 15,000 ಮೀಟರ್ ಎಂದು ಮೂರು ಎತ್ತರ ತುಂಬಿ. ರೇಖಾಂಶದ ಎದುರು ‘ಪೂರ್ವ’ ಎಂದಿದೆಯೇ ನೋಡಿಕೊಳ್ಳಿ. ಸಮಯ ಕೇಳುವುದು ಅಂತರರಾಷ್ಟ್ರೀಯ ಕಾಲಮಾನದಲ್ಲಿ. ನಮ್ಮ ಬೆಳಗಿನ 8 ಗಂಟೆ ಅಲ್ಲಿ 2.30. ಮಳೆಗಾಲದ ಒಂದು ದಿನ, ಜನವರಿಯ ಒಂದು ದಿನ, ಎರಡನ್ನೂ ಓಡಿಸಿ ಬಣ್ಣದ ಗೆರೆಗಳನ್ನು ಹೋಲಿಸಿ. ಮೂರು ಗೆರೆಗಳು ಬೇರೆ ಬೇರೆ ದಿಕ್ಕಿಗೆ ಹೋದ ದಿನ ನ್ಯೂಕ್‌ಮ್ಯಾಪ್‌ನ ನೀಳವಾದ ಒಂಟಿ ಪಟ್ಟಿಯನ್ನು ನಂಬಬೇಡಿ.

ಪಟ್ಟಿಯ ಮೇಲಿನ 1, 10, 100, 1,000 ಎಂಬ ಅಂಕಿಗಳು ಗಂಟೆಗೆ ಇಷ್ಟು ರಾಡ್ (ದೇಹ ಹೀರುವ ವಿಕಿರಣದ ಅಳತೆ) ಎಂದು ಹೇಳುತ್ತವೆ. ಪಠ್ಯಪುಸ್ತಕದ ಏಕಮಾನಕ್ಕೆ ತರಬೇಕಾದರೆ 100 ರಾಡ್ ಎಂದರೆ 1 ಗ್ರೇ. ಇವು ಸ್ಫೋಟವಾಗಿ ಒಂದು ಗಂಟೆಯಾದಾಗಿನ ದರಕ್ಕೆ ಇಳಿಸಿ ಹೇಳಿದ ಲೆಕ್ಕ, ಅಷ್ಟರಲ್ಲಿ ಧೂಳು ಅಲ್ಲಿಗೆ ತಲುಪಿರುತ್ತದೆ ಎಂದಲ್ಲ. ಗಂಟೆಗೆ 24 ಕಿ.ಮೀ. ಗಾಳಿಯಲ್ಲಿ ಕುಶಾಲನಗರಕ್ಕೆ ಸುಮಾರು ಒಂದು ಗಂಟೆ, ನೇರ ಗೆರೆಯಲ್ಲಿ ನೂರು ಕಿ.ಮೀ.ಗೆ ಹತ್ತಿರವಿರುವ ಮೈಸೂರಿಗೆ ಸುಮಾರು ನಾಲ್ಕು ಗಂಟೆ. ನಾಲ್ಕು ಗಂಟೆಯಲ್ಲಿ ದರ ಸುಮಾರು ಐದನೇ ಒಂದಕ್ಕೆ ಇಳಿದಿರುತ್ತದೆ. ನೆನಪಿಡಲು ಒಂದು ಸೂತ್ರವಿದೆ: ಸಮಯ ಏಳು ಪಟ್ಟಾದಾಗ ದರ ಹತ್ತನೇ ಒಂದಾಗುತ್ತದೆ. ಒಂದು ಗಂಟೆಗೆ 100 ಇದ್ದದ್ದು ಏಳು ಗಂಟೆಗೆ 10, ಎರಡು ದಿನಕ್ಕೆ 1. ಮೊದಲ ಒಂದೆರಡು ದಿನ ಮನೆಯೊಳಗೇ, ಸಾಧ್ಯವಾದರೆ ಕಾಂಕ್ರೀಟ್ ಕಟ್ಟಡದ ನಡುಕೋಣೆಯಲ್ಲಿ ಇರಬೇಕು ಎನ್ನುವುದಕ್ಕೆ ಆಧಾರ ಇದೇ. ಹೆಂಚಿನ ಮನೆ ತಡೆಯುವುದು ಬಹಳ ಕಡಿಮೆ.

ಕೊನೆಯದಾಗಿ ನದಿಗಳನ್ನು ಗುರುತಿಸಿ. ಉಪಕರಣ ಧೂಳನ್ನು ಬಿದ್ದಲ್ಲಿಗೇ ಬಿಟ್ಟುಬಿಡುತ್ತದೆ, ನೀರು ಬಿಡುವುದಿಲ್ಲ. ಚಳಿಗಾಲದ ಪೂರ್ವದ ಗಾಳಿಯಲ್ಲಿ ಪಟ್ಟಿ ಭಾಗಮಂಡಲದ ಕಡೆ ಹೋಯಿತು ಎಂದುಕೊಳ್ಳಿ. ಅಲ್ಲಿ ಬಿದ್ದದ್ದನ್ನು ಮುಂದಿನ ಮಳೆಯಲ್ಲಿ ಕಾವೇರಿ ಪೂರ್ವಕ್ಕೆ, ಕೃಷ್ಣರಾಜಸಾಗರದತ್ತ ಒಯ್ಯುತ್ತದೆ. ಸಂಪಾಜೆಯ ಕಡೆ ಬಿದ್ದರೆ ಪಯಸ್ವಿನಿ ಸುಳ್ಯ, ಕಾಸರಗೋಡಿನತ್ತ ಒಯ್ಯುತ್ತದೆ. ಮಳೆಗಾಲದ ಪಟ್ಟಿ ಹಾರಂಗಿ ಜಲಾಶಯದ ಮೇಲೆ ಹಾಯುತ್ತದೆಯೇ ನೋಡಿ. ಭೂಪಟದ ಮೇಲೆ ನೀಲಿ ಬಣ್ಣದಲ್ಲಿ ಬಾಣದ ಗುರುತು ಹಾಕಿದರೆ ಸಾಕು. ಈ ಹಂತವನ್ನು ಇದುವರೆಗೆ ಯಾರೂ ತಾವಾಗಿ ಮಾಡಿದ್ದು ನಾನು ನೋಡಿಲ್ಲ. ಕಾವೇರಿ ಹುಟ್ಟುವ ಜಿಲ್ಲೆಯವರು ಮಾಡದೆ ಬಿಡಬಾರದು.

ಹಂತ 9: ಸಾವುನೋವಿನ ಸಂಖ್ಯೆಯನ್ನು ಓದುವುದು

ಈ ಆಯ್ಕೆಯನ್ನು ಎಲ್ಲಕ್ಕಿಂತ ಕೊನೆಗೆ ತೆರೆಯಿರಿ. ಉಪಕರಣ ಬಳಸುವುದು ಲ್ಯಾಂಡ್‌ಸ್ಕ್ಯಾನ್ ಎಂಬ ಜಾಗತಿಕ ಜನಸಂಖ್ಯಾ ಹರಡಿಕೆ. ಅದು ನೆಲವನ್ನು ಹೆಚ್ಚುಕಡಿಮೆ ಒಂದೊಂದು ಕಿ.ಮೀ. ಚೌಕಗಳಾಗಿ ಮಾಡಿ, ಹಗಲು ರಾತ್ರಿಯ ಸರಾಸರಿಯಲ್ಲಿ ಎಷ್ಟು ಜನ ಇರಬಹುದೆಂದು ಅಂದಾಜಿಸುತ್ತದೆ. ದೊಡ್ಡ ನಗರಕ್ಕೆ ಇದು ತಕ್ಕಮಟ್ಟಿಗೆ ಹೊಂದುತ್ತದೆ. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519, ಮಡಿಕೇರಿ ಪಟ್ಟಣದ್ದು 33 ಸಾವಿರದ ಆಸುಪಾಸು. ಉಳಿದವರಲ್ಲಿ ಹೆಚ್ಚಿನವರು ತೋಟಗಳ ನಡುವಿನ ಒಂಟಿ ಮನೆಗಳಲ್ಲಿ, ಕುಟುಂಬದ ಮೂಲಮನೆಗಳಾದ ಐನ್‌ಮನೆಗಳಲ್ಲಿ, ತೋಟದ ಕಾರ್ಮಿಕರ ಲೈನ್‌ ಮನೆಗಳಲ್ಲಿ ಹರಡಿಕೊಂಡಿದ್ದಾರೆ. ಕಾಫಿ ಕೊಯ್ಲಿನಲ್ಲಿ ಹೊರಗಿನಿಂದ ಬರುವ ಕಾರ್ಮಿಕರು, ವಾರಾಂತ್ಯದ ಪ್ರವಾಸಿಗರು, ದಸರಾ ರಾತ್ರಿಯ ಜನಸಾಗರ ಯಾವುದೂ ಒಂದು ಸರಾಸರಿಯಲ್ಲಿ ಹಿಡಿಯುವುದಿಲ್ಲ.

ಧೂಳಿನಿಂದ ಮುಂದೆ ಆಗುವ ಸಾವುಗಳು ಆ ಸಂಖ್ಯೆಯಲ್ಲಿ ಸೇರಿಲ್ಲ. ಆಸ್ಪತ್ರೆಯೇ ವೃತ್ತದೊಳಗಿದ್ದರೆ ಗಾಯಾಳುಗಳ ಗತಿಯೇನು ಎಂಬುದೂ ಇಲ್ಲ. ಅಂಕಿ ಸೂಚನೆಯಷ್ಟೇ, ನಿಖರವಲ್ಲ ಎಂದು ಉಪಕರಣವೇ ಹೇಳುತ್ತದೆ. ಆದ್ದರಿಂದ ಬಂದ ಸಂಖ್ಯೆಯನ್ನು ಸಾವಿರಕ್ಕೆ ಪೂರ್ಣಗೊಳಿಸಿ, ‘ಸುಮಾರು’ ಸೇರಿಸಿ ಬರೆಯಿರಿ. ಬಿಡಿ ಸ್ಥಾನದವರೆಗೆ ಬರೆದ ಸಂಖ್ಯೆ ಕಂಡರೆ ಆ ಭಿತ್ತಿಪತ್ರವನ್ನು ನಾನು ಹಿಂದಕ್ಕೆ ಕೊಡುತ್ತೇನೆ. ಗುರುತನ್ನು ಅರ್ಧ ಕಿ.ಮೀ. ಸರಿಸಿ ಮತ್ತೆ ಓಡಿಸಿ ನೋಡಿ. ಸಂಖ್ಯೆ ಎಷ್ಟು ಜಿಗಿಯಿತೋ ಅದನ್ನು ನೋಡಿದ ಮೇಲೆ ಬಿಡಿ ಸ್ಥಾನಕ್ಕೆ ಬೆಲೆಯಿಲ್ಲ ಎಂದು ನಿಮಗೇ ತಿಳಿಯುತ್ತದೆ.

ಹಂತ 10: ಚಿತ್ರವನ್ನು ಹೊರಗೆ ಬಿಡುವ ಮುನ್ನ

ಮಡಿಕೇರಿಯ ಮೇಲೆ ಕೆಂಪು ವೃತ್ತಗಳಿರುವ ಚಿತ್ರ ವಿವರಣೆಯಿಲ್ಲದೆ ವಾಟ್ಸ್‌ಆ್ಯಪ್ ಗುಂಪಿಗೆ ಹೋದರೆ ಅದು ಎಲ್ಲಿ ನಿಲ್ಲುತ್ತದೆ ಎಂದು ಹೇಳಲಾಗದು. 2018ರ ಆಗಸ್ಟ್‌ನ ಭೂಕುಸಿತ ಕಂಡ ಜಿಲ್ಲೆ ಇದು. ಮಳೆಗಾಲದಲ್ಲಿ ನಕ್ಷೆಯ ಮೇಲಿನ ಕೆಂಪು ಬಣ್ಣ ಕಂಡರೆ ವಯಸ್ಸಾದವರ ಎದೆ ಝಲ್ಲೆನ್ನುತ್ತದೆ. ಆದ್ದರಿಂದ ವಿವರಣೆಯನ್ನು ಚಿತ್ರದ ಕೆಳಗೆ ಬೇರೆಯಾಗಿ ಬರೆಯದೆ, ಚಿತ್ರದೊಳಗೇ, ವೃತ್ತದ ಮೇಲೆ ಅಡ್ಡಲಾಗಿ ಬರೆಯಿರಿ. ಕತ್ತರಿಸಿ ಕಳಿಸಿದರೂ ಅದು ಜೊತೆಗೇ ಹೋಗಬೇಕು.

ಆ ಬರಹದಲ್ಲಿ ಇಷ್ಟು ಇರಲಿ: ‘ಶಾಲಾ ಪ್ರಯೋಗ. 15 ಕಿಲೋಟನ್, ನೆಲದಿಂದ 580 ಮೀಟರ್ ಎತ್ತರ, ನಿಚ್ಚಳ ಆಕಾಶ, ಸಮತಟ್ಟು ನೆಲ ಎಂದು ಭಾವಿಸಿದ ಲೆಕ್ಕ. ಗುಡ್ಡದ ನೆರಳು ನಾವು ಸೇರಿಸಿದ್ದು.’ ಧೂಳಿನ ನಕ್ಷೆಯಾದರೆ ಗಾಳಿಯ ದಿಕ್ಕು, ವೇಗ, ತಿಂಗಳು ಸೇರಿಸಿ, ಮಳೆ ಲೆಕ್ಕದಲ್ಲಿಲ್ಲ ಎಂದು ಬರೆಯಿರಿ. ಕೆಳಗೆ ಓಡಿಸಿದ ದಿನಾಂಕ ಮತ್ತು ಶಾಶ್ವತ ಕೊಂಡಿ ಇರಲಿ. ಅನುಮಾನ ಬಂದವರು ಅದೇ ಅಂಕಿಗಳನ್ನು ತುಂಬಿ ತಾವೇ ಓಡಿಸಿ ನೋಡಬಹುದು.